ಐದನೇ ಡಬ್ಬಿಯ ಸೊನ್ನೆಗಳು

ನನಗೆ ಸಮುದ್ರದ ಪರಿಚಯವಾದದ್ದು ಇಪ್ಪತ್ತೊಂಬತ್ತನೇ ವಯಸ್ಸಿನಲ್ಲಿ, ದೆಹಲಿಯ ಒಂದು ಸರ್ಕಾರಿ ಕಟ್ಟಡದ ಮೂರನೇ ಮಹಡಿಯಲ್ಲಿ, ಕಂಪ್ಯೂಟರಿನ ಪರದೆಯ ಮೇಲೆ. ದಾವಣಗೆರೆಯ ಕಡೆಯವಳು ನಾನು. ನಮ್ಮಲ್ಲಿ ನೀರು ಎಂದರೆ ಮೂರು ದಿನಕ್ಕೊಮ್ಮೆ ನಲ್ಲಿಯಲ್ಲಿ ಬರುವಂಥದ್ದು, ಬಂದಾಗ ಹಿಡಿದಿಡುವಂಥದ್ದು, ಅಷ್ಟೇ. ಆದರೂ ನಾನು ಕೆಲಸಕ್ಕೆ ಸೇರಿದ ವಾರದಲ್ಲೇ ನಮ್ಮ ವಿಭಾಗದ ಅಧಿಕಾರಿ ಒಂದು ದಪ್ಪ ಕಡತವನ್ನು ತಂದು ನನ್ನ ಮೇಜಿನ ಮೇಲಿಟ್ಟು, "ಕರ್ನಾಟಕ ಕೀ ಹೋ ನಾ? ತೋ ಯೇ ತುಮ್ಹಾರಾ" ಎಂದರು, ಕರ್ನಾಟಕದವಳಾದ್ದರಿಂದ ಇದು ನನ್ನದು ಎಂದು. ಕಡತದೊಳಗೆ ಇದ್ದದ್ದು ಕರ್ನಾಟಕದ ಕರಾವಳಿಯ ಒಂದು ಅಳಿವೆ, ಅಂದರೆ ಹೊಳೆ ಹೋಗಿ ಸಮುದ್ರಕ್ಕೆ ಸೇರುವ ಜಾಗ. ದಾವಣಗೆರೆಗೂ ಆ ಅಳಿವೆಗೂ ನಡುವೆ ಒಂದು ಇಡೀ ಘಟ್ಟ ಇದೆ ಎಂದು ಅವರಿಗೆ ವಿವರಿಸುವ ಗೋಜಿಗೆ ನಾನು ಹೋಗಲಿಲ್ಲ. ಹೋಗಿದ್ದರೆ ಟಪಾಲು ದಾಖಲಿಸುವ ಕೆಲಸ ನನ್ನ ಪಾಲಿಗೆ ಬರುತ್ತಿತ್ತು.

ಆ ಅಳಿವೆಯಲ್ಲಿ ಐದು ಹಳದಿ ಡಬ್ಬಿಗಳು ತೇಲುತ್ತಿದ್ದವು. ಕಡತದಲ್ಲಿ ಅವಕ್ಕೆ ಬೋಯ್ ಎಂಬ ಇಂಗ್ಲಿಷ್ ಹೆಸರಿತ್ತು. ನಾನು ಮನೆಯಲ್ಲಿ ಹೇಳುವಾಗ ಡಬ್ಬಿ ಎನ್ನುತ್ತಿದ್ದೆ, ಈಗಲೂ ಅದೇ ಬಾಯಿಗೆ ಬರುತ್ತದೆ. ಒಂದೊಂದೂ ಒಬ್ಬ ಮನುಷ್ಯನ ಎದೆಯಷ್ಟು ಎತ್ತರ. ಕೆಳಗೆ ಸರಪಳಿ, ಸರಪಳಿಯ ತುದಿಗೆ ಕಾಂಕ್ರೀಟಿನ ಭಾರ, ಮೇಲೆ ಸೌರ ಫಲಕ, ಒಳಗೆ ಒಂದು ಮೊಬೈಲ್ ಸಿಮ್. ನೀರಿನಲ್ಲಿ ಮುಳುಗಿದ್ದ ಭಾಗದಲ್ಲಿ ಅಳತೆಯ ಸಾಧನಗಳು. ನೀರಿನಲ್ಲಿ ಉಪ್ಪು ಎಷ್ಟು, ಬಿಸಿ ಎಷ್ಟು, ಮಟ್ಟ ಎಷ್ಟು ಎಂದು ಗಂಟೆಗೊಮ್ಮೆ ಪ್ರತಿ ಡಬ್ಬಿಯೂ ಒಂದು ಸಂದೇಶ ಕಳಿಸುತ್ತಿತ್ತು. ಮೊದಲನೆಯದು ಸಮುದ್ರದ ಬಾಯಲ್ಲಿ, ಐದನೆಯದು ಎಲ್ಲಕ್ಕಿಂತ ಒಳಗೆ, ಒಂದು ಕಿಂಡಿ ಅಣೆಕಟ್ಟಿನ ಕೆಳಗೆ. ಗದ್ದೆಗಳಿಗೆ ಉಪ್ಪುನೀರು ನುಗ್ಗದಂತೆ ಆ ಅಣೆಕಟ್ಟಿನ ಕಿಂಡಿಗಳಿಗೆ ಮಳೆಗಾಲ ಮುಗಿದ ಮೇಲೆ ಹಲಗೆ ಇಳಿಸುತ್ತಿದ್ದರು, ಮುಂದಿನ ಮಳೆಗೆ ಮುಂಚೆ ತೆಗೆಯುತ್ತಿದ್ದರು. ಮಳೆಗಾಲದಲ್ಲಿ ಹೊಳೆಯಲ್ಲಿ ಮರದ ದಿಮ್ಮಿಗಳು ತೇಲಿ ಬಂದು ಬಡಿಯುತ್ತವೆಂದು ಡಬ್ಬಿಗಳನ್ನೂ ದಡಕ್ಕೆ ಎಳೆದು ಇಡುತ್ತಿದ್ದರು. ಹಾಗಾಗಿ ನಾನು ಕಂಡದ್ದು ಆ ಹೊಳೆಯ ಉಪ್ಪಿನ ತಿಂಗಳುಗಳನ್ನು ಮಾತ್ರ.

ಎರಡು ಸಾವಿರದ ದಶಕದ ನಡುವಿನ ವರ್ಷಗಳವು. ದೆಹಲಿಯ ಅಂಚಿನ ಇಂದಿರಾಪುರಂಗೆ ಇನ್ನೂ ಮೆಟ್ರೋ ಬಂದಿರಲಿಲ್ಲ. ನಾವು ಅಲ್ಲಿನ ಒಂದು ಅಪಾರ್ಟ್‌ಮೆಂಟ್ ಸೊಸೈಟಿಯ ಒಂಬತ್ತನೇ ಮಹಡಿಯಲ್ಲಿ ಮನೆ ಮಾಡಿದ್ದೆವು. ಗಂಡನಿಗೆ ನೋಯ್ಡಾದ ಒಂದು ಐಟಿ ಕಂಪನಿ, ನನಗೆ ದೆಹಲಿಯ ಕಚೇರಿ, ಮಗಳಿಗೆ ಆಗ ಆರು ವರ್ಷ. ನಾನು ಬೆಳಿಗ್ಗೆ ಚಾರ್ಟರ್ಡ್ ಬಸ್ಸಿನಲ್ಲಿ ಹೋಗುತ್ತಿದ್ದೆ. ಆ ಬಸ್ಸಿನಲ್ಲಿ ಯಾರ ಸೀಟು ಯಾವುದು ಎಂಬುದು ಹುಟ್ಟಿದಾಗಲೇ ಬರೆದುಬಂದಂತೆ ಇತ್ತು. ನನ್ನ ಪಕ್ಕದ ಹೆಂಗಸು ನಾಲ್ಕು ಚಳಿಗಾಲಗಳಲ್ಲಿ ನಾಲ್ಕು ಸ್ವೆಟರ್ ಹೆಣೆದು ಮುಗಿಸಿದಳು. ನಾನು ಆ ಮುಕ್ಕಾಲು ಗಂಟೆ ನಿದ್ದೆ ಮಾಡುತ್ತಿದ್ದೆ, ಇಲ್ಲವೇ ಯಾರ ಮೇಲಾದರೂ ಮನಸ್ಸಿನೊಳಗೆ ಸಿಡುಕುತ್ತಿದ್ದೆ. ಸಿಡುಕುವುದು ನನ್ನ ಸ್ವಭಾವ. ಮನೆಯಲ್ಲಿ ಚಾದರ ಸೊಟ್ಟಗಿದ್ದರೂ ನನಗೆ ಆಗುವುದಿಲ್ಲ.

ನನ್ನ ಕೆಲಸವೂ ಅದೇ ಸ್ವಭಾವದ್ದು. ಡಬ್ಬಿಗಳಿಂದ ಬಂದ ಅಂಕಿಗಳನ್ನು ಶುಚಿ ಮಾಡುವುದು. ಯಂತ್ರಗಳು ಸುಳ್ಳು ಹೇಳುತ್ತವೆ. ಬ್ಯಾಟರಿ ಇಳಿದಾಗ ಅರ್ಥವಿಲ್ಲದ ಅಂಕಿ ಬರುತ್ತದೆ, ಸಾಧನದ ಮೇಲೆ ಪಾಚಿ, ಚಿಪ್ಪು ಕಟ್ಟಿಕೊಂಡಾಗ ಅಂಕಿ ನಿಧಾನವಾಗಿ ಜಾರುತ್ತದೆ. ಅವನ್ನೆಲ್ಲ ಹುಡುಕಿ ತೆಗೆದು, ಒಪ್ಪವಾದ ಒಂದು ಗೆರೆ ಎಳೆದು ಅಧಿಕಾರಿಗೆ ತೋರಿಸಬೇಕು. ಅವರು ಥರ್ಮಾಸಿನಿಂದ ಚಹಾ ಬಗ್ಗಿಸಿಕೊಳ್ಳುತ್ತಾ ಗೆರೆಯನ್ನು ನೋಡಿ "ಸುಂದರ್" ಎಂದರೆ ಆ ತಿಂಗಳ ಕೆಲಸ ಮುಗಿದಂತೆ. ಕೆಟ್ಟವರೇನಲ್ಲ ಅವರು. ನಿವೃತ್ತಿ ಹತ್ತಿರವಿತ್ತು, ಬೆನ್ನು ನೋವಿತ್ತು, ಯಾವ ಕಡತವೂ ತಮ್ಮ ಮೇಜಿಗೆ ಎರಡನೇ ಸಲ ಬರಬಾರದು ಎಂಬ ಒಂದೇ ಆಸೆಯಿತ್ತು.

ಸಂದೇಶ ಬಾರದ ಗಂಟೆಗಳಲ್ಲಿ ನಮ್ಮ ಕಂಪ್ಯೂಟರ್ ಆ ಸಾಲಿನ ತುಂಬ ಸೊನ್ನೆ ತುಂಬಿಬಿಡುತ್ತಿತ್ತು. ಉಪ್ಪು ಸೊನ್ನೆ, ಬಿಸಿ ಸೊನ್ನೆ, ಮಟ್ಟ ಸೊನ್ನೆ. ಗೆರೆ ಎಳೆದರೆ ಆ ಜಾಗದಲ್ಲಿ ಬಾವಿಯೊಳಗೆ ಬಿದ್ದಂತೆ ಕೆಳಗಿಳಿದು ಮೇಲೇಳುತ್ತಿತ್ತು. ಅದಕ್ಕೆ ನಾನು ಒಂದು ಉಪಾಯ ಕಂಡುಕೊಂಡಿದ್ದೆ. ಒಂದು ಡಬ್ಬಿಯ ಒಂದು ಕಾಲಮ್ಮನ್ನು ಮಾತ್ರ ಪರದೆಯ ಮೇಲಿಟ್ಟು, ಉಳಿದದ್ದನ್ನೆಲ್ಲ ಮುಚ್ಚಿ, ಸೊನ್ನೆ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಖಾಲಿ ಬಿಡು ಎಂದು ಒಂದೇ ಆಜ್ಞೆ ಕೊಡುವುದು. ಕಣ್ಣು ಮಿಟುಕಿಸುವುದರೊಳಗೆ ತಿಂಗಳೊಂದು ಶುಚಿಯಾಗುತ್ತಿತ್ತು. ಸೊನ್ನೆಯ ಹಿಂದುಮುಂದೆ ಗಾಬರಿಯಲ್ಲಿ ಇಳಿಯುವ ಅಂಕಿಗಳನ್ನೂ ಸಾಧನ ಸಾಯುವ ಮುಂಚಿನ ತೊದಲು ಎಂದು ತೆಗೆಯುತ್ತಿದ್ದೆ. ಈ ಉಪಾಯವನ್ನು ನಮ್ಮ ವಿಭಾಗದ ಇನ್ನಿಬ್ಬರು ನನ್ನಿಂದ ಕಲಿತರು. ನಾನು ಜಂಬದಿಂದಲೇ ಕಲಿಸಿದೆ.

ಐದನೇ ಡಬ್ಬಿಯನ್ನು ನೋಡಿಕೊಳ್ಳುತ್ತಿದ್ದವರು ಅಳಿವೆಯ ದಡದ ಊರಿನ ಒಬ್ಬರು ದೋಣಿಯವರು. ಐವತ್ತೆಂಟರ ಆಸುಪಾಸು. ಶನಿವಾರಕ್ಕೊಮ್ಮೆ ದೋಣಿಯಲ್ಲಿ ಹೋಗಿ, ಡಬ್ಬಿಯ ಕೆಳಭಾಗಕ್ಕೆ ಅಂಟಿದ ಚಿಪ್ಪು, ಪಾಚಿಯನ್ನೆಲ್ಲ ಕೆರೆದು, ಸಾಧನವನ್ನು ಮೆತ್ತಗಿನ ಬ್ರಷ್ಷಿನಿಂದ ತೊಳೆದು ಬರುವುದು ಅವರ ಗುತ್ತಿಗೆ ಕೆಲಸ. ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ನನಗೆ ಫೋನ್ ಮಾಡಿ ವರದಿ ಒಪ್ಪಿಸುತ್ತಿದ್ದರು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ನನ್ನ ಕನ್ನಡ ಅವರಿಗೆ ತಮಾಷೆ, ಅವರದ್ದು ನನಗೆ.

"ಮೇಡಂ, ನಿಮ್ಮ ಡಬ್ಬಿ ಅಲ್ಲೇ ಉಂಟು, ಎಲ್ಲಿಗೂ ಹೋಗ್ಲಿಲ್ಲ," ಎಂದು ಶುರುಮಾಡುವರು.

"ಹೋದ್ರೆ ನಿಮ್ಮನ್ನೇ ಹಿಡಿಯೋದು ನಾನು," ಎನ್ನುತ್ತಿದ್ದೆ.

"ಹಿಡೀಲಿಕ್ಕೆ ನೀವು ಈಜಿಕೊಂಡು ಬರ್ಬೇಕಲ್ಲ ಮಾರಾಯ್ರೆ. ನಿಮಗೆ ಈಜು ಗೊತ್ತುಂಟಾ?"

ಗೊತ್ತಿರಲಿಲ್ಲ. ಅವರ ಮಾತು ಕೇಳಿದ ಮೇಲೆ ಹಿಂದಿಯಲ್ಲಿ ಕಳೆಯಬೇಕಾದ ಆ ದಿನ ಸ್ವಲ್ಪ ಹಗುರವಾಗುತ್ತಿತ್ತು ಎಂಬುದು ನಿಜ. ಹಾಗೆಂದು ಅವರು ಹೇಳಿದ್ದನ್ನೆಲ್ಲ ನಾನು ಗಮನವಿಟ್ಟು ಕೇಳುತ್ತಿದ್ದೆ ಎಂದಲ್ಲ. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಬೇರೆ ಕೆಲಸ ಮಾಡುತ್ತಿದ್ದೆ.

ಆ ಫೆಬ್ರವರಿಯಲ್ಲಿ ಘಟ್ಟದ ಮೇಲೆ ಹೊತ್ತಲ್ಲದ ಹೊತ್ತಿನಲ್ಲಿ ಎರಡು ದಿನ ಮಳೆ ಸುರಿದು, ಅಣೆಕಟ್ಟಿನ ಹಿಂದೆ ನೀರು ತುಂಬಿತು. ಸೋಮವಾರ ಫೋನ್ ಮಾಡಿದಾಗ ದೋಣಿಯವರು ತಮಾಷೆ ಮಾಡಲಿಲ್ಲ. "ಮೇಡಂ, ಶನಿವಾರ ತೊಳೆದಿದ್ದೇನೆ. ಆದ್ರೆ ನೀರು ಪೂರ್ತಿ ಸಪ್ಪೆ ಉಂಟು. ಬಾಯಿಗೆ ಹಾಕಿ ನೋಡಿದೆ. ಮೇಲೆ ಹಲಗೆ ಎಲ್ಲ ಒಟ್ಟಿಗೇ ತೆಗ್ದಿದ್ದಾರೆ ಕಾಣ್ತದೆ," ಎಂದರು. ನಾನು "ಹೌದಾ ಅಣ್ಣ, ಆಯ್ತು, ತೊಳೆದಿದ್ದೀರಲ್ಲ, ಅಷ್ಟು ಸಾಕು" ಎಂದೆ. ಆಗ ನನ್ನ ಮೇಜಿನ ಮೇಲೆ ಒಂದು ಸಂಸತ್ ಪ್ರಶ್ನೆಗೆ ಉತ್ತರದ ಕರಡು ಇತ್ತು. ಸಂಸತ್ ಪ್ರಶ್ನೆ ಬಂದ ದಿನ ನಮ್ಮ ಕಚೇರಿಯಲ್ಲಿ ಯಾರಿಗೂ ಕಿವಿ ಕೇಳಿಸುವುದಿಲ್ಲ.

ತಿಂಗಳ ಕೊನೆಗೆ ಎಂದಿನಂತೆ ಅಂಕಿಗಳನ್ನು ಶುಚಿ ಮಾಡಿದೆ. ಐದನೇ ಡಬ್ಬಿಯ ಉಪ್ಪಿನ ಕಾಲಮ್ಮಿನಲ್ಲಿ ಸುಮಾರು ಎರಡು ದಿನದಷ್ಟು ಸೊನ್ನೆಗಳಿದ್ದವು. ಒಂದು ಆಜ್ಞೆ, ಎಲ್ಲ ಖಾಲಿ. ಗೆರೆ ಸುಂದರವಾಯಿತು.

ಮಾರ್ಚಿನಲ್ಲಿ ಜಿಲ್ಲೆಯಿಂದ ಒಂದು ಪತ್ರ ಬಂತು. ಐದನೇ ಡಬ್ಬಿಯ ಸುತ್ತಲಿನ ಹೂಳಿನಲ್ಲಿ ಮರುವಾಯಿ ಎಂಬ ಚಿಪ್ಪುಮೀನು ಬೆಳೆಯುತ್ತದೆ. ನೀರು ಇಳಿದಾಗ ಸೊಂಟದವರೆಗೆ ನಿಂತು ಅದನ್ನು ಹೆಕ್ಕಿ ಮಾರುವುದೇ ಆ ದಡದ ಹೆಂಗಸರ ಬದುಕು. ಆ ಮರುವಾಯಿಯೆಲ್ಲ ಫೆಬ್ರವರಿಯ ಒಂದು ವಾರದಲ್ಲಿ ಬಾಯಿ ಬಿಟ್ಟು ಸತ್ತಿತ್ತು. ಹಲಗೆಗಳನ್ನು ಒಂದೇ ಸಲ ತೆಗೆದು ಸಿಹಿನೀರು ಬಿಟ್ಟದ್ದರಿಂದ ಹೀಗಾಯಿತು, ಒಂದೊಂದಾಗಿ ತೆಗೆದಿದ್ದರೆ ಬದುಕುತ್ತಿದ್ದವು ಎಂದು ಅವರ ಸಂಘ ದೂರು ಕೊಟ್ಟಿತ್ತು. ಒಂದೊಂದಾಗಿಯೇ ತೆಗೆದಿದ್ದೇವೆ ಎಂದು ಅಣೆಕಟ್ಟು ನೋಡಿಕೊಳ್ಳುವವರು ಬರೆದುಕೊಟ್ಟಿದ್ದರು. ಆ ದಿನಗಳಲ್ಲಿ ಐದನೇ ಡಬ್ಬಿ ಏನು ತೋರಿಸಿತ್ತು ಎಂದು ವಿಚಾರಣಾ ಸಮಿತಿಗೆ ಬೇಕಿತ್ತು.

ನಾನು ಶುಚಿ ಮಾಡಿದ ಕಡತವನ್ನು ತೆರೆದೆ. ಆ ಎರಡು ದಿನ ಉಪ್ಪಿನ ಜಾಗ ಖಾಲಿ. ಖಾಲಿ ಇದ್ದರೆ ಕಾರಣ ಬರೆಯಬೇಕು. ಕಾರಣಗಳಿಗೆ ನಮ್ಮಲ್ಲಿ ಒಂದು ಪಟ್ಟಿ ಇತ್ತು. ಸಂದೇಶ ಬಂದಿಲ್ಲ, ಬ್ಯಾಟರಿ ಇಳಿದಿದೆ, ಸಾಧನ ತೊಳೆದಿಲ್ಲ, ಇಂಥವು. ಅದೇ ಗಂಟೆಗಳಲ್ಲಿ ಬಿಸಿ, ಮಟ್ಟ ಎರಡೂ ಸರಿಯಾಗಿ ಬಂದಿದ್ದವು. ಹಾಗಾದರೆ ಸಂದೇಶ ಬಂದಿದೆ, ಬ್ಯಾಟರಿಯೂ ಇದೆ. ಉಪ್ಪಿನ ಸಾಧನ ಮಾತ್ರ ಕೆಲಸ ಮಾಡಿಲ್ಲ. ನಾನು ಬಹಳ ಜಾಣತನದಿಂದ, ಎರಡು ನಿಮಿಷ ಯೋಚಿಸಿ, ಸಾಧನ ತೊಳೆದಿಲ್ಲ ಎಂಬ ಕಾರಣವನ್ನು ಆರಿಸಿ ವರದಿ ಕಳಿಸಿದೆ. ಶನಿವಾರ ತೊಳೆದಿದ್ದೇನೆ ಎಂದು ದೋಣಿಯವರು ಹೇಳಿದ್ದು ಆಗ ನನ್ನ ತಲೆಗೆ ಹೊಳೆಯಲೇ ಇಲ್ಲ.

ಏಪ್ರಿಲಿನ ಒಂದು ಮಂಗಳವಾರ ಅವರ ಫೋನ್ ಬಂತು. ಮೂರು ಸೋಮವಾರ ಬಂದಿರಲಿಲ್ಲ. ಜಿಲ್ಲೆಯ ಕಚೇರಿಯಲ್ಲಿ ಏನೋ ಬದಲಾವಣೆ ಇರಬೇಕೆಂದು ನಾನು ಸುಮ್ಮನಿದ್ದೆ.

"ಮೇಡಂ, ನನ್ನನ್ನು ತೆಗೆದುಹಾಕಿದ್ದಾರೆ. ಡಬ್ಬಿ ತೊಳೀಲಿಲ್ಲ ಅಂತ ಡೆಲ್ಲಿಯಿಂದ ಬಂದಿದೆಯಂತೆ. ಅದನ್ನು ಯಾರು ಬರೆದದ್ದು?"

ನನ್ನ ಮುಂದೆ ಎರಡು ಉತ್ತರಗಳಿದ್ದವು. "ಕಚೇರಿಯಿಂದ ಹೋಗಿದೆ ಅಣ್ಣ," ಎಂದೆ.

"ಕಚೇರಿ ಅಂದ್ರೆ ಯಾರು?"

"ಅದು… ಎಲ್ಲ ಸೇರಿ ಮಾಡೋದು."

ಅವರು ಆ ಪ್ರಶ್ನೆಯನ್ನು ಬಿಟ್ಟರು. ಆಮೇಲೆ ಹೇಳಿದರು: "ಕೆಲಸ ಹೋದ್ರೆ ಹೋಗ್ಲಿ, ಬಂದರಿನಲ್ಲಿ ಐಸ್ ಹೊರ್ಲಿಕ್ಕೆ ಹೋಗ್ತಿದ್ದೇನೆ. ಆದ್ರೆ ಮರುವಾಯಿ ಹೆಕ್ಕುವ ಹೆಂಗಸರೆಲ್ಲ ನನ್ನ ಮನೆ ಎದುರು ಬಂದು ನಿಂತ್ರು ಮೇಡಂ. ನೀನು ತೊಳೀದೆ ಮಲಗಿದ್ದರಿಂದಲೇ ನಮ್ಮ ಹತ್ರ ಸಾಕ್ಷಿ ಇಲ್ಲ, ಸಮಿತಿ ದೂರು ಎತ್ತಿ ಬಿಸಾಡಿತು ಅಂತ ಹೇಳ್ತಾರೆ. ನನ್ನ ಹೆಂಡತಿಯೂ ಅದೇ ಹೆಕ್ಕಿದವಳು. ಅವಳ ತಂಗಿ ನನ್ನ ಹತ್ರ ಮಾತಾಡುದಿಲ್ಲ. ನಾನು ಆವತ್ತು ತೊಳೆದಿದ್ದೇನೆ. ನೀರು ಸಪ್ಪೆ ಇತ್ತು ಅಂತ ನಿಮಗೆ ಹೇಳಿದ್ದೆ."

ಹೇಳಿದ್ದರು. ಫೋನಿಟ್ಟ ಮೇಲೆ ನಾನು ಮೂಲ ಕಡತವನ್ನು ತೆಗೆದೆ. ಶುಚಿ ಮಾಡುವ ಮುಂಚಿನ ಅಂಕಿಗಳನ್ನು ನಾವು ಸಿಡಿಯಲ್ಲಿ ಇಟ್ಟಿರುತ್ತಿದ್ದೆವು, ಯಾರೂ ತೆಗೆದು ನೋಡುತ್ತಿರಲಿಲ್ಲ. ಈ ಸಲ ಯಾವ ಕಾಲಮ್ಮನ್ನೂ ಮುಚ್ಚಲಿಲ್ಲ. ಐದನೇ ಡಬ್ಬಿಯಲ್ಲಿ ಉಪ್ಪು ಹತ್ತೊಂಬತ್ತು ಇದ್ದದ್ದು ಹದಿನಾಲ್ಕಾಗಿ, ಎಂಟಾಗಿ, ಮೂರಾಗಿ, ಆಮೇಲೆ ಸೊನ್ನೆಯಾಗಿತ್ತು. ನೀರಿನ ಮಟ್ಟ ಅದೇ ಗಂಟೆಗಳಲ್ಲಿ ಏರಿತ್ತು. ಆರು ಗಂಟೆ ತಡವಾಗಿ ನಾಲ್ಕನೇ ಡಬ್ಬಿಯಲ್ಲಿ ಉಪ್ಪು ಇಳಿದಿತ್ತು, ಅದರ ಮೇಲೆ ಇನ್ನಷ್ಟು ತಡವಾಗಿ ಮೂರನೆಯದರಲ್ಲಿ. ಸಿಹಿನೀರು ಮೇಲಿನಿಂದ ಒಟ್ಟಿಗೆ ನುಗ್ಗಿ, ಸಮುದ್ರದ ಕಡೆಗೆ ನಡೆದುಹೋದ ದಾರಿ ಅಂಕಿಗಳಲ್ಲಿ ಸಾಲಾಗಿ ಇತ್ತು. ಐದು ಡಬ್ಬಿಗಳನ್ನು ಸಾಲಾಗಿ ಇಟ್ಟದ್ದೇ ಇಂಥದ್ದನ್ನು ಹಿಡಿಯುವುದಕ್ಕೆ. ಹಿಡಿದಿದ್ದವು ಕೂಡ. ಆ ಸೊನ್ನೆ ಖಾಲಿಯಲ್ಲ, ಅಳತೆ. ಅಳತೆಯನ್ನು ಕಸವೆಂದು ಗುಡಿಸಿ ಹಾಕಿದವಳು ನಾನು. ಅದು ಸಾಲದೆಂದು, ಕಸ ಬಿಟ್ಟವರು ನೀವು ಎಂದು ದೋಣಿಯವರ ತಲೆಗೆ ಕಟ್ಟಿದ್ದೆ.

ನನಗೆ ನಾಚಿಕೆಯಾಯಿತು. ಅಳುವಷ್ಟು ಸಿಟ್ಟೂ ಬಂತು, ಮತ್ತು ಸಿಟ್ಟು ಮಾಡಲು ಬೇರೆ ಯಾರೂ ಸಿಗಲಿಲ್ಲ.

ಮಧ್ಯಾಹ್ನ ಅಧಿಕಾರಿಯ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಎರಡೂ ಗೆರೆಗಳನ್ನು ಮುದ್ರಿಸಿ ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. ಅವರಿಗೆ ಅರ್ಥವಾಗಲಿಲ್ಲವೆಂದಲ್ಲ, ನನಗಿಂತ ಬೇಗ ಅರ್ಥವಾಯಿತು. ಆಮೇಲೆ ಕಾಗದಗಳನ್ನು ಮಡಚಿ ನನಗೇ ಕೊಟ್ಟರು. ವರದಿ ಮೇಲಕ್ಕೆ ಹೋಗಿದೆ, ಈಗ ಒಂದು ಅಂಕಿ ತಪ್ಪು ಎಂದರೆ ಎಲ್ಲ ಅಂಕಿಗಳ ಮೇಲೂ ಅನುಮಾನ ಬರುತ್ತದೆ, ಡಬ್ಬಿಗಳ ಯೋಜನೆಯನ್ನು ಮುಂದುವರಿಸಬೇಕೋ ಬೇಡವೋ ಎಂದು ಈ ವರ್ಷವೇ ತೀರ್ಮಾನವಾಗಬೇಕು ಎಂದರು. "ಛೋಡೋ, ಬಿಟ್ಟುಬಿಡಿ. ಆ ಮನುಷ್ಯನನ್ನು ಆಮೇಲೆ ಎಲ್ಲಾದರೂ ಹಾಕಿಕೊಳ್ಳೋಣ," ಎಂದು ಹಿಂದಿಯಲ್ಲಿ ಹೇಳಿ ಥರ್ಮಾಸಿನ ಮುಚ್ಚಳ ತಿರುಗಿಸಿದರು. ನಾನು "ಜೀ ಸರ್" ಎಂದು ಹೊರಗೆ ಬಂದೆ. ಆ ಎರಡು ಪದಗಳನ್ನು ನೆನೆಸಿಕೊಂಡರೆ ಈಗಲೂ ನನಗೆ ನನ್ನ ಮೇಲೆ ಅಸಹ್ಯವಾಗುತ್ತದೆ.

ಆ ವಾರ ಮನೆಯಲ್ಲಿ ನಾನು ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ. ನಮ್ಮ ಸೊಸೈಟಿಗೆ ಬರುತ್ತಿದ್ದದ್ದು ಬೋರ್‌ವೆಲ್ ನೀರು. ಬೇಸಿಗೆ ಏರಿದಂತೆ ಅದರ ರುಚಿ ಕೆಡುತ್ತಿತ್ತು. ಫಿಲ್ಟರ್ ಕೆಟ್ಟಿದ್ದ ಒಂದು ಸಂಜೆ ಮಗಳು ಲೋಟ ಬಾಯಿಗಿಟ್ಟವಳು ಮುಖ ಹಿಂಡಿ, "ಅಮ್ಮಾ, ಯೇ ನೀರು ಖಾರಾ ಹೈ, ನಂಗೆ ಬೇಡ," ಎಂದಳು. ಉಪ್ಪುನೀರನ್ನು ಹಿಂದಿಯಲ್ಲಿ ಖಾರಾ ಪಾನೀ ಎನ್ನುತ್ತಾರೆ. ನಾನೂ ಒಂದು ಗುಟುಕು ಕುಡಿದು ನೋಡಿದೆ. ಹೌದು, ಉಪ್ಪು. ಬಾಯಿಗೆ ಹಾಕಿ ನೋಡಿದೆ ಎಂದು ಒಬ್ಬರು ಹೇಳಿದಾಗ ಅದನ್ನು ಅಳತೆ ಎಂದು ನಾನು ಎಣಿಸಿರಲಿಲ್ಲವಲ್ಲ ಎಂದು ಶುರುಮಾಡಿ, ಗಂಡನಿಗೆ ಆ ರಾತ್ರಿ ಎಲ್ಲ ಹೇಳಿಬಿಟ್ಟೆ. ಅವರು ಕೇಳಿಸಿಕೊಂಡು, "ಆಫೀಸಿಗೆ ಹೇಳಿ ಆಯ್ತು, ಇನ್ನೇನ್ ಮಾಡಕ್ಕಾಗುತ್ತೆ?" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಆ ದೋಣಿಯವರಿಗೆ ಹೇಳಿದ್ಯಾ, ಬರೆದಿದ್ದು ನೀನೇ ಅಂತ?" ಎಂದು ಕೇಳಿದರು. ಹೇಳಿರಲಿಲ್ಲ.

ಮಾರನೆಯ ದಿನ ಊಟದ ಬಿಡುವಿನಲ್ಲಿ ದೋಣಿಯವರಿಗೆ ಫೋನ್ ಮಾಡಿದೆ. ಬಂದರಿನ ಗದ್ದಲ ಕೇಳಿಸುತ್ತಿತ್ತು. "ಅಣ್ಣ, ಅದನ್ನ ಬರೆದಿದ್ದು ನಾನು. ಸೊನ್ನೆ ಬಂದಿತ್ತು, ನಾನೇ ಅಳಿಸಿದೆ. ನೀವು ತೊಳೆದಿದ್ರಿ. ತಪ್ಪು ನಂದು," ಎಂದು ಒಂದೇ ಉಸಿರಿನಲ್ಲಿ ಹೇಳಿದೆ.

ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. "ನನಗೆ ಹೇಳಿದ್ರೆ ಎಂತ ಆಯ್ತು ಮೇಡಂ? ನನಗೆ ಗೊತ್ತುಂಟಲ್ಲ, ನಾನು ತೊಳೆದದ್ದು. ಅದು ಇವರಿಗೆಲ್ಲ ಗೊತ್ತಾಗ್ಬೇಕು. ಒಂದು ಕಾಗದ ಬರೀರಿ. ಕನ್ನಡದಲ್ಲಿ. ಇಂಗ್ಲಿಷ್ ಆದ್ರೆ ನಾನೇ ಸುಳ್ಳು ಓದಿಸ್ತಿದ್ದೇನೆ ಅಂತ ಹೇಳ್ತಾರೆ," ಎಂದರು.

ಸರ್ಕಾರಿ ನೌಕರಳಾಗಿ ಕಚೇರಿಯ ವಿಷಯವನ್ನು ಹೊರಗಿನವರಿಗೆ ನೇರವಾಗಿ ಬರೆಯುವಂತಿಲ್ಲ ಎಂಬುದು ಗೊತ್ತಿಲ್ಲದೆ ಇರಲಿಲ್ಲ. ಆದರೂ ಮಗಳ ರೂಲ್ ಪುಸ್ತಕದಿಂದ ಒಂದು ಹಾಳೆ ಹರಿದು ಬರೆದೆ. ಎಷ್ಟೋ ವರ್ಷಗಳ ಮೇಲೆ ಕನ್ನಡದಲ್ಲಿ ಬರೆದ ಕಾಗದ ಅದು, ಒತ್ತಕ್ಷರಗಳು ಕೈಗೆ ಭಾರವಾಗಿದ್ದವು. "ಫೆಬ್ರವರಿಯಲ್ಲಿ ಐದನೇ ಡಬ್ಬಿ ಸರಿಯಾಗಿಯೇ ಅಳೆದಿತ್ತು. ನೀರಿನಲ್ಲಿ ಉಪ್ಪು ಸೊನ್ನೆಯಾಗಿತ್ತು. ಆ ಸೊನ್ನೆಗಳನ್ನು ಯಂತ್ರದ ತಪ್ಪೆಂದು ತಿಳಿದು ಅಳಿಸಿದವಳು ನಾನು. ಡಬ್ಬಿ ತೊಳೆದಿಲ್ಲ ಎಂದು ಬರೆದವಳೂ ನಾನು. ಇವರು ತೊಳೆದಿದ್ದರು, ನೀರು ಸಪ್ಪೆಯಾಗಿದೆ ಎಂದು ನನಗೆ ಅದೇ ಸೋಮವಾರ ಹೇಳಿಯೂ ಇದ್ದರು. ಅಳಿಸುವ ಮುಂಚಿನ ಅಂಕಿಗಳು ನಮ್ಮ ಕಚೇರಿಯಲ್ಲಿ ಹಾಗೆಯೇ ಇವೆ." ಕೆಳಗೆ ಸಹಿ ಹಾಕಿ, ಕಚೇರಿಯ ಹತ್ತಿರದ ಅಂಚೆ ಕಚೇರಿಯಲ್ಲಿ ರಿಜಿಸ್ಟರ್ ಮಾಡಿ ಬಂದೆ. ಕೌಂಟರಿನವನು ವಿಳಾಸದ ಕನ್ನಡವನ್ನು ನೋಡಿ, "ಮೇಡಂಜೀ, ಅಂಗ್ರೇಜಿ ಮೇಂ ಭೀ ಲಿಖೋ," ಎಂದ. ಇಂಗ್ಲಿಷಿನಲ್ಲೂ ಬರೆದುಕೊಟ್ಟೆ.

ಹತ್ತು ದಿನದ ಮೇಲೆ ದೋಣಿಯವರೇ ಫೋನ್ ಮಾಡಿದರು. ದೋಣಿ ನಿಲ್ಲುವ ಜಾಗದಲ್ಲಿ ಎಲ್ಲರನ್ನೂ ಸೇರಿಸಿ, ಶಾಲೆಯ ಮೇಷ್ಟ್ರಿಂದ ಕಾಗದ ಓದಿಸಿದರಂತೆ. ಎರಡು ಸಲ ಓದಿಸಿದರಂತೆ, ತಡವಾಗಿ ಬಂದವರಿಗೆ ಕೇಳಿಸಲಿ ಎಂದು. "ಯಾರೂ ಎಂತದೂ ಹೇಳ್ಲಿಲ್ಲ. ಹೆಂಡತಿಯ ತಂಗಿ ಮಾತ್ರ ಮನೆಗೆ ಬಂದು ಚಾ ಕುಡಿದು ಹೋದಳು," ಎಂದರು. ಕೆಲಸದ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕಾಗದದಿಂದ ಗುತ್ತಿಗೆ ವಾಪಸು ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಜೂನಿನಲ್ಲಿ ಒಂದು ದಿನ ಅಧಿಕಾರಿ ಕರೆದರು. ಹೊರಗೆ ಲೂ ಎಂಬ ಬಿಸಿಗಾಳಿ ಬೀಸುತ್ತಿತ್ತು, ಕೋಣೆಯ ಕೂಲರ್ ಶಬ್ದದಲ್ಲಿ ಅವರ ಮಾತು ಅರ್ಧ ಕೇಳಿಸುತ್ತಿರಲಿಲ್ಲ. ಮರುವಾಯಿ ಹೆಕ್ಕುವವರ ಸಂಘ ಮತ್ತೆ ಅರ್ಜಿ ಹಾಕಿತ್ತು. ಅದು ಜಿಲ್ಲೆಯಿಂದ ಮೇಲೆ ಹೋಗಿ, ಮೇಲಿನಿಂದ ನಮ್ಮ ಕಚೇರಿಗೆ ಇಳಿದಿತ್ತು. ಅರ್ಜಿ ಇಂಗ್ಲಿಷಿನಲ್ಲಿತ್ತು, ಅದಕ್ಕೆ ಒಂದು ಜೆರಾಕ್ಸ್ ಹಾಳೆ ಲಗತ್ತಿಸಿದ್ದರು. ಬಾಗಿಲಿನಿಂದಲೇ ನನ್ನ ಅಕ್ಷರ ನನಗೆ ಕಂಡಿತು.

"ಯೇ ಕನ್ನಡಾ ಹೈ ನಾ? ಊರಿನವರು ಯಾರದ್ದೋ ಹೇಳಿಕೆ ಇರಬೇಕು. ಮೂರು ಗಂಟೆಯೊಳಗೆ ಇಂಗ್ಲಿಷಿಗೆ ಮಾಡಿ ಕೊಡಿ, ಕಡತಕ್ಕೆ ಹಾಕಬೇಕು," ಎಂದರು.

ಆ ಇಡೀ ಕಟ್ಟಡದಲ್ಲಿ ಕನ್ನಡ ಓದಬಲ್ಲವಳು ನಾನೊಬ್ಬಳೇ. ನನ್ನ ಮೇಜಿಗೆ ಬಂದು ಕುಳಿತು, ನಾನೇ ಬರೆದದ್ದನ್ನು ಎರಡು ಸಲ ಓದಿದೆ. ಆಮೇಲೆ ಇಂಗ್ಲಿಷಿನಲ್ಲಿ ಬರೆಯತೊಡಗಿದೆ. ಕಾರಣಾಂತರಗಳಿಂದ ಕೆಲವು ಅಂಕಿಗಳು ವರದಿಯಲ್ಲಿ ಬಿಟ್ಟುಹೋಗಿರುವ ಸಾಧ್ಯತೆ ಇದೆ ಎಂದು ಸ್ಥಳೀಯರು ತಿಳಿಸಿರುತ್ತಾರೆ, ಎಂಬ ಅರ್ಥದ ಒಂದು ವಾಕ್ಯ ತಾನೇ ತಾನಾಗಿ ಕಾಗದದ ಮೇಲೆ ಇಳಿಯಿತು. ಒಳ್ಳೆಯ ವಾಕ್ಯ. ಅದರಲ್ಲಿ ಯಾರೂ ಇರಲಿಲ್ಲ. ಅದನ್ನು ಹಿಡಿಯಬಲ್ಲವರೂ ಆ ಮಹಡಿಯಲ್ಲಿ ಯಾರೂ ಇರಲಿಲ್ಲ. ಒಂದು ಕಾಲು ಗಂಟೆ ಅದನ್ನು ಹಾಗೇ ಬಿಟ್ಟು ಕೂತಿದ್ದೆ ಎಂದು ಇಲ್ಲಿ ಬರೆಯದಿದ್ದರೆ ಇದನ್ನೆಲ್ಲ ಬರೆದೂ ಪ್ರಯೋಜನವಿಲ್ಲ. ಕೊನೆಗೆ ನನ್ನನ್ನು ಎಬ್ಬಿಸಿದ್ದು ದೊಡ್ಡ ವಿಚಾರವೇನಲ್ಲ. ಆ ಕಾಗದವನ್ನು ಅಲ್ಲಿ ಎರಡು ಸಲ ಗಟ್ಟಿಯಾಗಿ ಓದಿದ್ದಾರೆ, ಇಡೀ ಊರಿಗೆ ಅದರ ಪ್ರತಿ ಪದವೂ ಗೊತ್ತು. ಇಲ್ಲಿ ಬೇರೆ ಬರೆದರೆ ನಾನು ಎರಡನೇ ಸಲ ಅಳಿಸಿದಂತೆ. ಹಾಳೆ ಹರಿದು ಹಾಕಿ, ಸಾಲಿಗೆ ಸಾಲು ಇದ್ದದ್ದನ್ನು ಇದ್ದ ಹಾಗೆ ಬರೆದೆ.

ಮೂರು ಗಂಟೆಗೆ ಅಧಿಕಾರಿ ನಿಂತುಕೊಂಡೇ ಓದಲು ಶುರುಮಾಡಿದವರು ನಡುವೆ ಕುಳಿತರು. ಓದಿ ಮುಗಿಸಿ, "ಕೆಳಗೆ ಸಹಿ ಯಾರದ್ದು? ಅದನ್ನು ನೀವು ಬರೆದಿಲ್ಲ," ಎಂದರು.

"ನನ್ನದು ಸರ್."

ಅವರು ಜೆರಾಕ್ಸನ್ನೂ ನನ್ನನ್ನೂ ನೋಡಿದರು. ಓದಲು ಬಾರದ ಆ ಅಕ್ಷರಗಳ ಮೇಲೆ ಬೆರಳಿಟ್ಟು, "ಬಿಟ್ಟುಬಿಡಿ ಎಂದು ನಾನು ಹೇಳಿದ್ದೂ ಇದರಲ್ಲಿ ಇದೆಯೋ?" ಎಂದು ಕೇಳಿದರು.

"ಇಲ್ಲ ಸರ್. ಅಳಿಸಿದ್ದು ನಾನು, ಅಷ್ಟನ್ನೇ ಬರೆದಿದ್ದೇನೆ."

ಅವರು ಬೈಯುತ್ತಾರೆ ಎಂದು ನಾನು ಕಾಯುತ್ತಿದ್ದೆ. "ಔರ್ ವೋ ಆದ್ಮೀ? ಈಗೇನು ಮಾಡುತ್ತಾನೆ?" ಎಂದರು. ಆ ಕಚೇರಿಯಲ್ಲಿ ದೋಣಿಯವರ ಬಗ್ಗೆ ಯಾರಾದರೂ ಕೇಳಿದ್ದು ಅದೇ ಮೊದಲು. ಬಂದರಿನಲ್ಲಿ ಐಸ್ ಹೊರುತ್ತಾರೆ, ವಯಸ್ಸು ಐವತ್ತೆಂಟು ಎಂದೆ. ಅಧಿಕಾರಿಗೂ ಅದೇ ವಯಸ್ಸು. ಅವರು ಅನುವಾದದ ಹಾಳೆಯನ್ನು ನನ್ನ ಕಡೆ ತಿರುಗಿಸಿ, ಅನುವಾದಕರು ಸಹಿ ಮಾಡಬೇಕು ಎಂದರು. ಮಾಡಿದೆ. ಎರಡೂ ಹಾಳೆಗಳನ್ನು ಸೇರಿಸಿ ಪಿನ್ ಚುಚ್ಚಿ, ಕಡತದ ಟಿಪ್ಪಣಿಯಲ್ಲಿ ಸ್ವತಃ ತಮ್ಮ ಕೈಯಿಂದ ಮೂರು ಸಾಲು ಬರೆದರು. ಮೂಲ ಅಂಕಿಗಳು ಸರಿ, ಸಾಧನ ತೊಳೆದಿತ್ತು, ತಪ್ಪು ಈ ಕಚೇರಿಯದ್ದು, ಇದು ಏಪ್ರಿಲಿನಲ್ಲೇ ನನ್ನ ಗಮನಕ್ಕೆ ಬಂದಿತ್ತು. ಕೊನೆಯ ಮಾತನ್ನು ಬರೆಯಬೇಕೆಂದು ಅವರನ್ನು ಯಾರೂ ಕೇಳಿರಲಿಲ್ಲ.

ನನಗೆ ಎಚ್ಚರಿಕೆಯ ಪತ್ರ ಜುಲೈಯಲ್ಲಿ ಬಂತು. ಮೂಲ ಅಂಕಿಗಳು ಸಮಿತಿಗೆ ಹೋದವು, ಹಲಗೆಗಳನ್ನು ಹೇಗೆ ತೆಗೆಯಬೇಕು ಎಂಬುದಕ್ಕೆ ಮುಂದಿನ ವರ್ಷ ಒಂದು ನಿಯಮವಾಯಿತು. ದೋಣಿಯವರಿಗೆ ವಾಪಸು ಕರೆ ಹೋದದ್ದು ಅಕ್ಟೋಬರಿನಲ್ಲಿ, ಡಬ್ಬಿಗಳು ಮತ್ತೆ ನೀರಿಗಿಳಿದಾಗ. ಸೋಮವಾರದ ಫೋನ್ ಮತ್ತೆ ಶುರುವಾಯಿತು, ತಮಾಷೆಯೂ. ನಾನು ಈಗ ಕೈಯಲ್ಲಿದ್ದ ಕೆಲಸ ಬಿಟ್ಟು ಕೇಳುತ್ತಿದ್ದೆ. ಎಲ್ಲ ಸರಿಹೋಯಿತು ಎಂದು ನಾನು ಆ ಇಡೀ ಚಳಿಗಾಲ ನಂಬಿದ್ದೆ.

ಮಾರ್ಚಿನ ಒಂದು ಸೋಮವಾರ ಅವರ ಫೋನ್ ಬಾರದೆ ನಾನೇ ಮಾಡಿದಾಗ ಎತ್ತಿದ್ದು ಅವರ ಮಗಳು. ಅಪ್ಪ ಡಬ್ಬಿಯ ಹತ್ತಿರ ಹೋಗಿದ್ದಾರೆ, ಶನಿವಾರ ಮುಗಿಯಲಿಲ್ಲ ಎಂದಳು. ಒಂದು ಡಬ್ಬಿ ತೊಳೆಯಲು ಯಾಕೆ ಅಷ್ಟು ಹೊತ್ತು ಎಂದು ನಾನು ಕೇಳಿದೆ. "ಐಸ್ ಹೊತ್ತು ಹೊತ್ತು ಎಡಗೈ ಮೇಲೆ ಏಳುದಿಲ್ಲ ಮೇಡಂ. ಒಂದೇ ಕೈಯಲ್ಲಿ ತೊಳೀಬೇಕಲ್ಲ," ಎಂದಳು. ಅಕ್ಟೋಬರಿನಿಂದ ವಾರಕ್ಕೊಮ್ಮೆ ಮಾತಾಡಿದ್ದೆವು. ಅವರು ಅದನ್ನು ನನಗೆ ಒಮ್ಮೆಯೂ ಹೇಳಿರಲಿಲ್ಲ.